ನೋಡದೆ ಹಾಕಿದ ಸಹಿ: ಕೋಡ್ ರಿವ್ಯೂನಲ್ಲಿ ಪರಿಶೀಲಕರು ಮತ್ತು ಒಪ್ಪಿಗೆಯ ಮತಗಳು



ಈ ಪಾಠ ಕಂಪ್ಯೂಟರ್ ಬಗ್ಗೆ. ಆದರೆ ಇದು ಶುರುವಾದದ್ದು ನಾನು ಮಾಡಿದ ಒಂದು ತಪ್ಪಿನಿಂದ. ಅದನ್ನೇ ಮೊದಲು ಹೇಳುತ್ತೇನೆ.

ಕಳೆದ ವರ್ಷ ನಮ್ಮ ತರಗತಿಯವರು ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಪ್ರವಾಸ ಹೋಗಿದ್ದೆವು. 43 ಜನ, ಒಬ್ಬೊಬ್ಬರಿಗೆ 450 ರೂಪಾಯಿ, ಒಟ್ಟು 19,350 ರೂಪಾಯಿ. ದುಡ್ಡು ಇಟ್ಟುಕೊಳ್ಳುವ ಕೆಲಸ ಒಬ್ಬ ಗೆಳೆಯನದು, ಲೆಕ್ಕದ ಹಾಳೆ ಮಾಡುವ ಕೆಲಸ ನನ್ನದು. ಮೊಬೈಲಿನಲ್ಲೇ ಸ್ಪ್ರೆಡ್‌ಶೀಟ್ ಮಾಡಿದೆ. ಬಸ್ ಬಾಡಿಗೆ 11,000, ಮಧ್ಯಾಹ್ನದ ಊಟ 4,300, ಪ್ರವೇಶ ಟಿಕೆಟ್ 1,920. ಈ ಮೂರನ್ನು ಕೂಡಿಸುವ ಸೂತ್ರ ಹಾಕಿದೆ. ಆಮೇಲೆ ನೆನಪಾದ ಮೂರು ಖರ್ಚುಗಳನ್ನು ಕೆಳಗೆ ಸೇರಿಸಿದೆ: ನಾಷ್ಟಾ 800, ನೀರಿನ ಕ್ಯಾನ್ 350, ಪಾರ್ಕಿಂಗ್ 200. ಸೂತ್ರ ಮಾತ್ರ ಮೊದಲಿನ ಮೂರು ಸಾಲನ್ನೇ ಕೂಡಿಸುತ್ತಿತ್ತು.

ಹಾಳೆಯನ್ನು ಇಬ್ಬರು ಗೆಳೆಯರಿಗೆ ಕಳಿಸಿ "ಒಮ್ಮೆ ನೋಡ್ರಿ" ಅಂದೆ. ಎರಡೇ ನಿಮಿಷದಲ್ಲಿ ಇಬ್ಬರಿಂದಲೂ ಹೆಬ್ಬೆರಳಿನ ಚಿತ್ರ ಬಂತು. ಒಬ್ಬ "ಬರೋಬ್ಬರಿ ಐತಿ" ಎಂದೂ ಬರೆದ. ನಾನು ಅದನ್ನು ತರಗತಿಯ ಗುಂಪಿಗೆ ಹಾಕಿದೆ. ಹಾಳೆಯ ಪ್ರಕಾರ ಖರ್ಚು 17,220, ಉಳಿಯಬೇಕಾದದ್ದು 2,130 ರೂಪಾಯಿ. ಗೆಳೆಯನ ಕೈಯಲ್ಲಿ ಇದ್ದದ್ದು 780 ರೂಪಾಯಿ ಮಾತ್ರ.

1,350 ರೂಪಾಯಿ ಎಲ್ಲಿ ಹೋಯಿತು? ಅವನ ಮುಂದೆ ಯಾರೂ ಕೇಳಲಿಲ್ಲ, ಹಿಂದೆ ಎಲ್ಲರೂ ಕೇಳಿದರು. ಎರಡು ದಿನ ಅವನು ಊಟದ ಹೊತ್ತಿಗೆ ನಮ್ಮ ಜೊತೆ ಕೂರಲಿಲ್ಲ. ಮೂರನೆಯ ದಿನ, ಯಾವತ್ತೂ ಹೆಚ್ಚು ಮಾತಾಡದ ಒಬ್ಬ ಸಹಪಾಠಿ ಹಾಳೆ ತೆರೆದು ನೋಡಿ, "ಕೆಳಗಿನ ಮೂರು ಸಾಲು ಕೂಡಿಸೇ ಇಲ್ಲ" ಅಂದಳು. ಆಗ ಖರ್ಚು 18,570 ಆಯಿತು, ಉಳಿಕೆ ಸರಿಯಾಗಿ 780 ಬಂತು. ಗೆಳೆಯನ ಲೆಕ್ಕ ಮೊದಲಿನಿಂದಲೂ ಸರಿಯಾಗಿತ್ತು. ತಪ್ಪಿದ್ದು ನನ್ನ ಸೂತ್ರ. ಅದಕ್ಕಿಂತ ಹೆಚ್ಚಾಗಿ ತಪ್ಪಿದ್ದು, ತೆರೆದೇ ನೋಡದೆ ಬಂದ ಆ ಎರಡು ಹೆಬ್ಬೆರಳು.

ಇದನ್ನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನ ಖಾಲಾನ ಮಗನಿಗೆ ಹೇಳಿದೆ. ನಾವು ಅವರನ್ನು ಭಾಯಿಜಾನ್ ಅಂತೀವಿ. ಅವರು ನಗಲಿಲ್ಲ. "ನಮ್ಮಲ್ಲಿ ಇಂಥದ್ದು ಆಗಬಾರದು ಅಂತಲೇ ಒಂದು ವ್ಯವಸ್ಥೆ ಇದೆ. ಅದಕ್ಕೆ ಕೋಡ್ ರಿವ್ಯೂ ಅಂತಾರೆ" ಎಂದು ಈದ್ ರಜೆಯಲ್ಲಿ ಬಂದಾಗ ಎರಡು ಸಂಜೆ ಕೂತು ಹೇಳಿಕೊಟ್ಟರು. ಅವರು ಹೇಳಿದ್ದನ್ನು, ಆಮೇಲೆ ನಾನು ಓದಿದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ. ಸಿಇಬಿಎ ಓದುವವರಿಗೆ ಇದು ನೇರವಾಗಿ ಉಪಯೋಗ. ಉಳಿದವರಿಗೂ ಉಪಯೋಗ ಎಂಬುದು ಕೊನೆಗೆ ಗೊತ್ತಾಗುತ್ತದೆ.

1. ಕೋಡ್ ರಿವ್ಯೂ ಎಂದರೇನು?

ಒಂದು ದೊಡ್ಡ ಪ್ರೋಗ್ರಾಂನಲ್ಲಿ ಲಕ್ಷಗಟ್ಟಲೆ ಸಾಲುಗಳಿರುತ್ತವೆ. ನೂರಾರು ಜನ ದಿನವೂ ಅದನ್ನು ಬದಲಿಸುತ್ತಿರುತ್ತಾರೆ. ಒಬ್ಬರು ಬರೆದ ಬದಲಾವಣೆ ಮೂಲ ಕೋಡಿಗೆ ಸೇರುವ ಮೊದಲು ಇನ್ನೊಬ್ಬರು ಅದನ್ನು ಓದಿ ಒಪ್ಪಬೇಕು. ಇದೇ ಕೋಡ್ ರಿವ್ಯೂ. ಓದುವವರು ರಿವ್ಯೂವರ್, ಅಂದರೆ ಪರಿಶೀಲಕರು.

ಇದು ಕಾಮರ್ಸ್ ವಿದ್ಯಾರ್ಥಿಗಳಿಗೆ ಹೊಸದಲ್ಲ. ವೋಚರ್ ಬರೆದವನೇ ಅದನ್ನು ಮಂಜೂರು ಮಾಡಬಾರದು, ನಗದು ಇಟ್ಟುಕೊಂಡವನೇ ನಗದು ಪುಸ್ತಕ ತಪಾಸಣೆ ಮಾಡಬಾರದು ಎಂದು ನಾವು ಓದುತ್ತೇವೆ. ಬ್ಯಾಂಕಿನಲ್ಲಿ ಇದಕ್ಕೆ ಮೇಕರ್-ಚೆಕರ್ ಅನ್ನುತ್ತಾರೆ: ಒಬ್ಬರು ನಮೂದಿಸುತ್ತಾರೆ, ಇನ್ನೊಬ್ಬರು ತಾಳೆ ನೋಡಿ ಒಪ್ಪುತ್ತಾರೆ. ನನ್ನ ಅಬ್ಬಾ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅಲ್ಲಿಯೂ ರೈತನ ಪಟ್ಟಿ ಬರೆದವರು ಒಬ್ಬರಾದರೆ, ತೂಕದ ಚೀಟಿಗೆ ಹಿಡಿದು ನೋಡುವವರು ಇನ್ನೊಬ್ಬರು. ನಮ್ಮ ಮನೆಗಳಲ್ಲಿ ನಿಕಾಹ್ ಆಗುವಾಗಲೂ ಇಬ್ಬರು ಗವಾಹ್ ಅಂದರೆ ಸಾಕ್ಷಿಗಳು ಬೇಕು. ಅವರು ಅಲ್ಲಿ ಕೂತು ಕೇಳಿರಬೇಕು, ಆಮೇಲೆ ಸಹಿ. ಕೇಳದವನ ಸಹಿಗೆ ಬೆಲೆ ಇಲ್ಲ.

ಪ್ರೋಗ್ರಾಂಗಳನ್ನು ಹೀಗೆ ಕ್ರಮವಾಗಿ ಓದಿ ತಪ್ಪು ಹುಡುಕುವ ಪದ್ಧತಿಯನ್ನು ಐಬಿಎಂ ಕಂಪನಿಯ ಮೈಕಲ್ ಫೇಗನ್ 1976ರಲ್ಲಿ ಪ್ರಕಟಿಸಿದರು. ಆಗ ಕಾಗದದ ಮೇಲೆ ಮುದ್ರಿಸಿದ ಕೋಡನ್ನು ಹಲವರು ಮೇಜಿನ ಸುತ್ತ ಕೂತು ಓದುತ್ತಿದ್ದರು. ಈಗ ಅದೇ ಕೆಲಸ ಬ್ರೌಸರ್‌ನಲ್ಲಿ ನಡೆಯುತ್ತದೆ. ಹೆಚ್ಚು ಬಳಕೆಯಲ್ಲಿರುವ ವ್ಯವಸ್ಥೆಗಳಲ್ಲಿ ಗಿಟ್‌ಹಬ್ ಒಂದು, ಗೆರಿಟ್ ಇನ್ನೊಂದು. ಮತಗಳ ವಿಷಯ ಗೆರಿಟ್‌ನಲ್ಲಿ ಬಹಳ ಸ್ಪಷ್ಟವಾಗಿರುವುದರಿಂದ ಅದನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ.

ಪೈಥಾನ್ ಭಾಷೆ ರೂಪಿಸಿದ ಗೀಡೋ ವಾನ್ ರಾಸಮ್ ಅವರು ಗೂಗಲ್‌ನಲ್ಲಿದ್ದಾಗ ರೀಟ್‌ವೆಲ್ಡ್ ಎಂಬ ರಿವ್ಯೂ ಸಾಧನ ಮಾಡಿದರು. ಆಂಡ್ರಾಯ್ಡ್ ಕೋಡ್‌ಗಾಗಿ ಅದರಿಂದ ಬೆಳೆದದ್ದು ಗೆರಿಟ್. ಗೆರಿಟ್ ರೀಟ್‌ವೆಲ್ಡ್ ಎಂಬುದು ಒಬ್ಬ ಡಚ್ ವಾಸ್ತುಶಿಲ್ಪಿಯ ಹೆಸರು. ಒಂದು ಸಾಧನಕ್ಕೆ ಅವರ ಅರ್ಧ ಹೆಸರು, ಇನ್ನೊಂದಕ್ಕೆ ಉಳಿದರ್ಧ.

2. ನಮ್ಮ ರಾಜ್ಯದಲ್ಲಿ, ನಮ್ಮ ಭಾಷೆಯಲ್ಲಿ

ಇದು ಎಲ್ಲೋ ಅಮೆರಿಕದ ಮಾತು ಅಂದುಕೊಳ್ಳಬೇಡಿ. ಹಲವು ಕಂಪ್ಯೂಟರ್‌ಗಳ ಡಿಸ್ಕ್‌ಗಳನ್ನು ಜೋಡಿಸಿ ಒಂದೇ ದೊಡ್ಡ ಉಗ್ರಾಣದಂತೆ ಬಳಸುವ ಗ್ಲಸ್ಟರ್‌ಎಫ್‌ಎಸ್ ಎಂಬ ಮುಕ್ತ ತಂತ್ರಾಂಶದ ಬಹುಪಾಲು ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಅದನ್ನು ಬೆಳೆಸಿದ ಗ್ಲಸ್ಟರ್ ಕಂಪನಿಯನ್ನು ರೆಡ್ ಹ್ಯಾಟ್ 2011ರಲ್ಲಿ ಸುಮಾರು 13.6 ಕೋಟಿ ಡಾಲರ್‌ಗೆ ಕೊಂಡಿತು. ಅದರ ಪ್ರತಿಯೊಂದು ಬದಲಾವಣೆ 2020ರಲ್ಲಿ ಗಿಟ್‌ಹಬ್‌ಗೆ ಹೋಗುವವರೆಗೆ ಹಲವು ವರ್ಷ ಗೆರಿಟ್‌ನಲ್ಲೇ ಪರಿಶೀಲನೆಯಾಗುತ್ತಿತ್ತು. ಅಲ್ಲಿ ಮನುಷ್ಯರ ಮತ ಬೇರೆ, ಯಂತ್ರದ ಮತ ಬೇರೆ. ಯಂತ್ರ ಮೊದಲು ಚಿಕ್ಕ ಪರೀಕ್ಷೆ ಮಾಡುತ್ತಿತ್ತು, ಆಮೇಲೆ ಹಳೆಯದು ಏನಾದರೂ ಕೆಟ್ಟಿದೆಯೇ ಎಂದು ದೊಡ್ಡ ಪರೀಕ್ಷೆ ಮಾಡುತ್ತಿತ್ತು. ಎರಡೂ ಪಾಸಾಗಬೇಕು, ಮನುಷ್ಯರೂ ಒಪ್ಪಬೇಕು.

ಎರಡನೆಯ ಉದಾಹರಣೆ ನಾವೆಲ್ಲ ಬಳಸುವಂಥದ್ದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ. ವಿಕಿಮೀಡಿಯಾದವರು 2012ರ ಮಾರ್ಚ್‌ನಲ್ಲಿ ತಮ್ಮ ಕೋಡನ್ನು ಗಿಟ್ ಮತ್ತು ಗೆರಿಟ್‌ಗೆ ತಂದರು. ಪರದೆಯ ಮೇಲೆ ಕಾಣುವ 'ಸಂಪಾದಿಸಿ', 'ಹುಡುಕು' ಇತ್ಯಾದಿ ಪದಗಳನ್ನು ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಸ್ವಯಂಸೇವಕರು ಕನ್ನಡಿಸುತ್ತಾರೆ, ಅವು ಅಲ್ಲಿಂದ ಗೆರಿಟ್ ಮೂಲಕವೇ ಮೂಲ ಕೋಡಿಗೆ ಸೇರುತ್ತವೆ. 2016ರಲ್ಲಿ ತುಳು ವಿಕಿಪೀಡಿಯ ಶುರುವಾಯಿತು. ಹೀಗೆ ಒಂದು ಹೊಸ ಭಾಷೆಯ ವಿಕಿ ತೆರೆಯಬೇಕಾದರೂ ಅದರ ಸೆಟ್ಟಿಂಗ್ ಕೋಡ್ ಪರಿಶೀಲನೆಗೆ ಹೋಗಿಯೇ ಬರಬೇಕು.

ವಿಕಿಮೀಡಿಯಾದ ಗೆರಿಟ್‌ನಲ್ಲಿ ಖಾತೆ ತೆರೆದ ಯಾರು ಬೇಕಾದರೂ ಬದಲಾವಣೆ ಕಳಿಸಬಹುದು, ಬೇರೆಯವರದನ್ನು ಓದಿ ಚಿಕ್ಕ ಮತ ಹಾಕಬಹುದು. ನರಗುಂದದಲ್ಲಿ ಕೂತ ವಿದ್ಯಾರ್ಥಿಗೂ ಬಾಗಿಲು ತೆರೆದಿದೆ. ಆದರೆ ಕೊನೆಯ ಒಪ್ಪಿಗೆ ಮಾತ್ರ ಅನುಭವ ನೋಡಿ ಅಧಿಕಾರ ಕೊಟ್ಟವರಿಗೇ ಸೀಮಿತ.

3. ಐದು ಮತಗಳು

ಗೆರಿಟ್‌ನ ಸಾಮಾನ್ಯ ಹೊಂದಾಣಿಕೆಯಲ್ಲಿ ಕೋಡ್ ರಿವ್ಯೂಗೆ ಐದು ಅಂಕಗಳಿವೆ.

+2: ನೋಡಿದ್ದೇನೆ, ಸರಿ ಇದೆ, ಸೇರಿಸಲು ಒಪ್ಪಿದ್ದೇನೆ.
+1: ನೋಡಿದ್ದೇನೆ, ನನಗೆ ಸರಿ ಕಾಣುತ್ತದೆ, ಆದರೆ ಇನ್ನೊಬ್ಬರು ಒಪ್ಪಬೇಕು.
0: ಅಭಿಪ್ರಾಯ ಬರೆದಿದ್ದೇನೆ, ಮತ ಹಾಕಿಲ್ಲ.
−1: ಈಗಿರುವ ರೂಪದಲ್ಲಿ ಸೇರಿಸುವುದು ಬೇಡ, ಸರಿಪಡಿಸಿ.
−2: ಇದು ಸೇರಕೂಡದು.

ಇದರ ಜೊತೆಗೆ 'ವೆರಿಫೈಡ್' ಎಂಬ ಇನ್ನೊಂದು ಸಾಲು ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಜೆಂಕಿನ್ಸ್‌ನಂಥ ಯಂತ್ರ ಪರೀಕ್ಷೆ ನಡೆಸಿ +1 ಅಥವಾ −1 ಹಾಕುತ್ತದೆ.

ನಾನು ಮೊದಲು ತಪ್ಪು ತಿಳಿದದ್ದು ಇಲ್ಲೇ. ಎರಡು +1 ಸೇರಿದರೆ +2 ಆಗುತ್ತದೆ ಅಂದುಕೊಂಡಿದ್ದೆ. ಆಗುವುದಿಲ್ಲ. ಈ ಮತಗಳನ್ನು ಕೂಡಿಸುವುದಿಲ್ಲ, ಕಳೆಯುವುದೂ ಇಲ್ಲ. ಹತ್ತು ಜನ +1 ಹಾಕಿದರೂ ಬದಲಾವಣೆ ಒಳಗೆ ಹೋಗದು, ಅಧಿಕಾರವಿರುವ ಒಬ್ಬರ +2 ಬೇಕೇ ಬೇಕು. ಹಾಗೆಯೇ ಐದು ಜನ +2 ಹಾಕಿದರೂ ಒಂದೇ ಒಂದು −2 ಇದ್ದರೆ ಬಾಗಿಲು ಮುಚ್ಚಿದಂತೆ. −1 ಮಾತ್ರ ಬಾಗಿಲು ಮುಚ್ಚುವುದಿಲ್ಲ. ಅದು ಎಚ್ಚರಿಕೆ. ಆದರೆ −1 ಇರುವಾಗ ಅದಕ್ಕೆ ಉತ್ತರ ಕೊಡದೆ ಸೇರಿಸುವುದು ಒಳ್ಳೆಯ ತಂಡದ ಲಕ್ಷಣವಲ್ಲ.

ನಮ್ಮ ಪಠ್ಯಕ್ಕೆ ಹೋಲಿಸಿ ನೋಡಿ. ಕಂಪನಿಯ ಸಾಮಾನ್ಯ ಠರಾವಿಗೆ ಬಹುಮತ ಸಾಕು. ವಿಶೇಷ ಠರಾವಿಗೆ ವಿರುದ್ಧ ಬಿದ್ದ ಮತಗಳ ಕನಿಷ್ಠ ಮೂರು ಪಟ್ಟು ಮತ ಪರವಾಗಿ ಬೇಕು. ಅಲ್ಲಿ ಎಣಿಕೆ ಮುಖ್ಯ. 1932ರ ಪಾಲುದಾರಿಕೆ ಕಾಯ್ದೆಯ 12ನೆಯ ಕಲಮು ಬೇರೆ ಮಾತು ಹೇಳುತ್ತದೆ: ದಿನನಿತ್ಯದ ವಿಷಯವನ್ನು ಬಹುಮತದಿಂದ ತೀರ್ಮಾನಿಸಬಹುದು, ಆದರೆ ವ್ಯವಹಾರದ ಸ್ವರೂಪವನ್ನೇ ಬದಲಿಸಲು ಎಲ್ಲ ಪಾಲುದಾರರ ಒಪ್ಪಿಗೆ ಬೇಕು. ಒಬ್ಬ ಬೇಡವೆಂದರೂ ನಿಂತಿತು. −2 ಹತ್ತಿರವಾಗುವುದು ಈ ಎರಡನೆಯದಕ್ಕೆ. ತಪ್ಪು ಇದೆಯೋ ಇಲ್ಲವೋ ಎಂಬುದನ್ನು ಬಹುಮತದಿಂದ ತೀರ್ಮಾನಿಸಲು ಬರುವುದಿಲ್ಲವಲ್ಲ. ನಮ್ಮ ಪ್ರವಾಸದ ಲೆಕ್ಕದಲ್ಲೂ ಎರಡು ಒಪ್ಪಿಗೆಗೆ ಎದುರಾಗಿ ಒಂದೇ ಆಕ್ಷೇಪ ಇತ್ತು. ಸರಿ ಇದ್ದದ್ದು ಆ ಒಂದೇ.

4. ಒಂದು ಬದಲಾವಣೆಯ ಪ್ರಯಾಣ

ಈಗ ಒಂದು ಉದಾಹರಣೆ. ಕಿರಾಣಿ ಅಂಗಡಿಯ ಬಿಲ್ ಪ್ರೋಗ್ರಾಂ ಅಂದುಕೊಳ್ಳಿ. ತೆರಿಗೆ ಸೇರಿರುವ ಬೆಲೆಯಿಂದ ಶೇ. 18ರ ಜಿಎಸ್‌ಟಿ ಎಷ್ಟು ಎಂದು ಬಿಡಿಸಿ ತೋರಿಸಬೇಕು.

ಮೊದಲ ಹೆಜ್ಜೆ: ಬರೆಯುವವನು ಒಟ್ಟು ಮೊತ್ತವನ್ನು 18ರಿಂದ ಗುಣಿಸಿ 100ರಿಂದ ಭಾಗಿಸುವ ಸಾಲು ಬರೆದ. 1,180 ರೂಪಾಯಿಗೆ 212.40 ಬಂತು. ಪರೀಕ್ಷೆಯಲ್ಲೂ '212.40 ಬರಬೇಕು' ಎಂದೇ ಬರೆದ. ಗೆರಿಟ್‌ಗೆ ಕಳಿಸಿದ. ಇದು ಮೊದಲ ಪ್ಯಾಚ್ ಸೆಟ್. ಇದಕ್ಕೆ 'ಚೇಂಜ್ ಐಡಿ' ಎಂಬ ಗುರುತು ಸಿಗುತ್ತದೆ. ನಮ್ಮ ನೋಂದಣಿ ಸಂಖ್ಯೆಯ ಹಾಗೆ, ಎಷ್ಟು ಸಲ ತಿದ್ದಿದರೂ ಅದು ಬದಲಾಗುವುದಿಲ್ಲ.

ಎರಡನೆಯ ಹೆಜ್ಜೆ: ಯಂತ್ರ ಪರೀಕ್ಷೆ ನಡೆಸಿತು. 212.40 ಬರಬೇಕಿತ್ತು, ಬಂತು. ವೆರಿಫೈಡ್ +1.

ಮೂರನೆಯ ಹೆಜ್ಜೆ: ಕೋಡ್ ಚೆನ್ನಾಗಿ ಗೊತ್ತಿರುವ ಪರಿಶೀಲಕರು ಓದಿದರು. ಬರವಣಿಗೆ ಸ್ಪಷ್ಟವಾಗಿದೆ, +1.

ನಾಲ್ಕನೆಯ ಹೆಜ್ಜೆ: ಲೆಕ್ಕಶಾಸ್ತ್ರ ಗೊತ್ತಿರುವ ಎರಡನೆಯ ಪರಿಶೀಲಕರು ಆ ಸಾಲಿನ ಮೇಲೆಯೇ ಬರೆದರು: "1,180ರಲ್ಲಿ ತೆರಿಗೆ ಈಗಾಗಲೇ ಸೇರಿದೆ. ಮೂಲ ಬೆಲೆ 1,000, ತೆರಿಗೆ 180. ಆದ್ದರಿಂದ 118ರಿಂದ ಭಾಗಿಸಬೇಕು. ಪರೀಕ್ಷೆಯನ್ನೂ ತಿದ್ದಿ." ಮತ −1.

ಐದನೆಯ ಹೆಜ್ಜೆ: ಬರೆದವನು ತಿದ್ದಿ ಎರಡನೆಯ ಪ್ಯಾಚ್ ಸೆಟ್ ಕಳಿಸಿದ. ಆಗ ಸಾಮಾನ್ಯ ಹೊಂದಾಣಿಕೆಯಲ್ಲಿ ಹಳೆಯ +1, −1 ಎಲ್ಲ ಅಳಿಸಿಹೋಗುತ್ತವೆ. ಯಾಕೆಂದರೆ ಅವರು ಒಪ್ಪಿದ್ದು ಹಳೆಯ ಬರಹವನ್ನು, ಹೊಸದನ್ನಲ್ಲ. ಸಹಿ ಮಾಡಿದ ಮೇಲೆ ಚೆಕ್ಕಿನ ಮೊತ್ತ ತಿದ್ದಿದರೆ ಹಳೆಯ ಸಹಿ ನಡೆಯುತ್ತದೆಯೇ? ಹಾಗೆಯೇ ಇದು. ಆದರೆ −2 ಮಾತ್ರ ಅಳಿಸುವುದಿಲ್ಲ, ಹಾಕಿದವರೇ ತೆಗೆಯುವವರೆಗೂ ಹೊಸ ಪ್ಯಾಚ್ ಸೆಟ್‌ಗೂ ಅಂಟಿಕೊಂಡು ಬರುತ್ತದೆ.

ಆರನೆಯ ಹೆಜ್ಜೆ: ಯಂತ್ರ ಮತ್ತೆ ಪರೀಕ್ಷಿಸಿತು. ಇಬ್ಬರೂ ಮತ್ತೆ ಓದಿ +1 ಹಾಕಿದರು. ಅಧಿಕಾರ ಇರುವವರು +2 ಹಾಕಿದರು. 'ಸಬ್ಮಿಟ್' ಒತ್ತಿದ ಮೇಲೆ ಬದಲಾವಣೆ ಮೂಲ ಕೋಡಿಗೆ ಸೇರಿತು. ವಿಕಿಮೀಡಿಯಾದ ಹಲವು ಯೋಜನೆಗಳಲ್ಲಿ +2 ಬಿದ್ದೊಡನೆ ಯಂತ್ರ ಇನ್ನೊಮ್ಮೆ ಪರೀಕ್ಷೆ ನಡೆಸಿ, ಪಾಸಾದರೆ ತಾನೇ ಸೇರಿಸಿಬಿಡುತ್ತದೆ.

ಇಲ್ಲಿ ಎರಡು ಮಾತು ಗಮನಿಸಿ. ಯಂತ್ರ ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿತು, ಕೇಳಿದ್ದೇ ತಪ್ಪಾಗಿತ್ತು. ಮತ್ತು ತಪ್ಪು ಹಿಡಿದದ್ದು ಕೋಡ್ ಪಂಡಿತರಲ್ಲ, ಲೆಕ್ಕ ಗೊತ್ತಿದ್ದವರು. ಕಾಮರ್ಸ್ ಓದುವ ನಮಗೆ ಸಾಫ್ಟ್‌ವೇರ್‌ನಲ್ಲಿ ಏನು ಕೆಲಸ ಎಂದು ಕೇಳುವವರಿಗೆ ಇದು ಉತ್ತರ. 1,180 ರೂಪಾಯಿಯ ಒಂದು ಬಿಲ್‌ಗೆ 32.40 ರೂಪಾಯಿ ವ್ಯತ್ಯಾಸ. ದಿನಕ್ಕೆ ಅಂಥ ನೂರು ಬಿಲ್ ಆದರೆ 3,240 ರೂಪಾಯಿ.

5. ಪರಿಶೀಲಕರನ್ನು ಆರಿಸುವುದು, ಬದಲಿಸುವುದು

ಯಾರನ್ನು ಸೇರಿಸಬೇಕು? ಆ ಭಾಗದ ಕೋಡ್ ಗೊತ್ತಿರುವ ಒಬ್ಬರು, ವಿಷಯ ಗೊತ್ತಿರುವ ಒಬ್ಬರು. ಹತ್ತು ಜನರನ್ನು ಸೇರಿಸಿದರೆ ಹೆಚ್ಚು ಭದ್ರ ಅನಿಸುತ್ತದೆ, ಆಗುವುದು ಉಲ್ಟಾ. ಪ್ರತಿಯೊಬ್ಬರೂ 'ಇನ್ನೊಬ್ಬರು ನೋಡ್ತಾರೆ ಬಿಡು' ಅಂದುಕೊಳ್ಳುತ್ತಾರೆ. ಗೊತ್ತಿರಲಿ ಎಂದು ತಿಳಿಸಬೇಕಾದವರನ್ನು 'ಸಿಸಿ'ಯಲ್ಲಿ ಹಾಕಬೇಕು. ಅವರಿಗೆ ಸುದ್ದಿ ಹೋಗುತ್ತದೆ, ಮತ ಹಾಕಲೇಬೇಕೆಂಬ ನಿರೀಕ್ಷೆ ಇರುವುದಿಲ್ಲ.

ಈಗ ಯಾರ ಸರದಿ? ದೊಡ್ಡ ತಂಡಗಳಲ್ಲಿ 'ನಾನು ನಿಮಗೆ ಕಾಯ್ತಿದ್ದೆ', 'ನಾನು ನಿಮಗೇ ಕಾಯ್ತಿದ್ದೆ' ಎಂದು ವಾರ ಕಳೆಯುತ್ತದೆ. ಅದಕ್ಕೆ ಗೆರಿಟ್‌ನಲ್ಲಿ 'ಅಟೆನ್ಷನ್ ಸೆಟ್' ಎಂಬ ಗುರುತು ಬಂದಿದೆ. ಪರಿಶೀಲಕರು ಉತ್ತರ ಬರೆದ ಕೂಡಲೇ ಗುರುತು ಬರೆದವರ ಹೆಸರಿಗೆ ಹೋಗುತ್ತದೆ. ಬರೆದವರು ಉತ್ತರಿಸಿದರೆ ಮತ್ತೆ ಪರಿಶೀಲಕರಿಗೆ ಬರುತ್ತದೆ. ಹೆಸರಿನ ಪಕ್ಕದ ಬಾಣ ನೋಡಿದರೆ ಸರದಿ ಯಾರದು ಎಂದು ತಿಳಿಯುತ್ತದೆ.

ಪರಿಶೀಲಕರನ್ನು ತೆಗೆಯಬಹುದೇ? ತೆಗೆಯಬಹುದು, ತೆಗೆದರೆ ಅವರ ಮತವೂ ಹೋಗುತ್ತದೆ. ಹಾಗಾದರೆ −1 ಹಾಕಿದವರನ್ನು ಪಟ್ಟಿಯಿಂದ ತೆಗೆದರೆ ಆಯಿತಲ್ಲ ಎಂದು ನಾನು ಭಾಯಿಜಾನ್‌ಗೆ ಕೇಳಿದೆ. ಅವರು ಜೋರಾಗಿ ನಕ್ಕು, "ಅದನ್ನೂ ಯೋಚನೆ ಮಾಡೇ ಮಾಡಿದ್ದಾರೆ" ಅಂದರು. ಬದಲಾವಣೆ ಬರೆದವರು 0 ಅಥವಾ ಧನ ಮತ ಹಾಕಿದವರನ್ನು ತೆಗೆಯಬಹುದು. ಋಣ ಮತ ಹಾಕಿದವರನ್ನು ತೆಗೆಯಲು ಅವರಿಗೆ ಬೇರೆ ಅನುಮತಿ ಬೇಕು. ಯೋಜನೆಯ ಒಡೆತನ ಇರುವವರು, ವ್ಯವಸ್ಥಾಪಕರು ಮಾತ್ರ ಯಾರನ್ನು ಬೇಕಾದರೂ ತೆಗೆಯಬಲ್ಲರು. ಅಂದರೆ ಹೊಗಳಿದವರನ್ನು ಬಿಡಬಹುದು, ತಪ್ಪು ತೋರಿಸಿದವರನ್ನು ಓಡಿಸಲಾಗದು. ಈ ಒಂದು ನಿಯಮ ನನಗೆ ಬಹಳ ಹಿಡಿಸಿತು.

ತನ್ನದಕ್ಕೆ ತಾನೇ ಮತ ಹಾಕಬಹುದೇ? ಅಧಿಕಾರವಿದ್ದರೆ ಗೆರಿಟ್ ಬಿಡುತ್ತದೆ, ಆದರೆ ಸ್ವಂತ ಒಪ್ಪಿಗೆಯನ್ನು ಎಣಿಸದಂತೆ ಹೊಂದಿಸಲೂ ಬರುತ್ತದೆ. ವಿಕಿಮೀಡಿಯಾದಲ್ಲಿ ತಾನು ಬರೆದದ್ದಕ್ಕೆ ತಾನೇ +2 ಹಾಕಬಾರದು ಎಂಬುದು ಸಾಮಾನ್ಯ ನಿಯಮ. ಗಿಟ್‌ಹಬ್‌ನಲ್ಲಂತೂ ತನ್ನ ಕೋರಿಕೆಯನ್ನು ತಾನೇ ಒಪ್ಪಲು ಬರುವುದೇ ಇಲ್ಲ.

6. ನೋಡಿದರೂ ತಪ್ಪುತ್ತದೆ, ನೋಡದಿದ್ದರೆ?

ಪರಿಶೀಲನೆ ಮಾಡಿದರೆ ಎಲ್ಲ ತಪ್ಪೂ ಸಿಗುತ್ತದೆ ಎಂದೇನಿಲ್ಲ. ಎರಡು ನಿಜ ಘಟನೆಗಳನ್ನು ನೋಡೋಣ.

ಹಾರ್ಟ್‌ಬ್ಲೀಡ್: ಇಂಟರ್‌ನೆಟ್‌ನಲ್ಲಿ ಗುಟ್ಟಾಗಿ ಮಾಹಿತಿ ಕಳಿಸಲು ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶ ಬಳಸುತ್ತಾರೆ. 2011ರ ಡಿಸೆಂಬರ್ ಕೊನೆಯಲ್ಲಿ ಅದಕ್ಕೆ ಒಂದು ಹೊಸ ಭಾಗ ಸೇರಿತು. 'ನಾನು ಕಳಿಸಿದ ಪದವನ್ನು ವಾಪಸ್ ಕಳಿಸು' ಎಂದು ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಕೇಳುವ ಭಾಗ ಅದು. ಕಳಿಸಿದ್ದು ಮೂರೇ ಅಕ್ಷರ, ಹೇಳಿದ ಉದ್ದ ಸಾವಿರಾರು ಅಕ್ಷರ ಎಂದಾದರೆ? ಉದ್ದ ನಿಜವೇ ಎಂದು ಕೋಡ್ ನೋಡುತ್ತಿರಲಿಲ್ಲ. ಪಕ್ಕದ ನೆನಪಿನಲ್ಲಿದ್ದ ಪಾಸ್‌ವರ್ಡ್ ಮುಂತಾದವನ್ನೂ ಸೇರಿಸಿ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಕಳಿಸಿಬಿಡುತ್ತಿತ್ತು. ಇದನ್ನು ಒಬ್ಬ ಅನುಭವಿ ಪರಿಶೀಲಕರು ಓದಿ ಒಪ್ಪಿದ್ದರು. ಬರೆದವರಿಗೂ ಕಾಣಲಿಲ್ಲ, ಓದಿದವರಿಗೂ ಕಾಣಲಿಲ್ಲ. 2014ರ ಏಪ್ರಿಲ್ 7ರಂದು ವಿಷಯ ಬಹಿರಂಗವಾದಾಗ ಜಗತ್ತಿನ ಎಷ್ಟೋ ತಾಣಗಳು ತಮ್ಮ ಗುಟ್ಟಿನ ಕೀಲಿಗಳನ್ನು ಬದಲಿಸಬೇಕಾಯಿತು.

ನೈಟ್ ಕ್ಯಾಪಿಟಲ್: ಇದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಅಮೆರಿಕದ ಈ ಷೇರು ವ್ಯಾಪಾರ ಕಂಪನಿ 2012ರಲ್ಲಿ ತನ್ನ ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕುತ್ತಿತ್ತು. ತಂತ್ರಜ್ಞರೊಬ್ಬರು ಏಳಕ್ಕೆ ಹಾಕಿದರು, ಒಂದು ಉಳಿಯಿತು. ಆಗಸ್ಟ್ 1ರ ಬೆಳಿಗ್ಗೆ ಪೇಟೆ ತೆರೆದಾಗ ಆ ಒಂದು ಸರ್ವರ್‌ನಲ್ಲಿದ್ದ ಹಳೆಯ ಕೋಡ್ ಎದ್ದು, ಬೇಡದ ಆರ್ಡರ್‌ಗಳನ್ನು ಲಕ್ಷಗಟ್ಟಲೆ ಕಳಿಸಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಮರುವರ್ಷ ಅಮೆರಿಕದ ಷೇರುಪೇಟೆ ನಿಯಂತ್ರಣ ಮಂಡಳಿ 1.2 ಕೋಟಿ ಡಾಲರ್ ದಂಡ ಹಾಕಿತು. ಕೋಡ್ ಹಾಕಿದ್ದನ್ನು ಎರಡನೆಯ ತಂತ್ರಜ್ಞರು ನೋಡುವ ಕ್ರಮವೇ ಅಲ್ಲಿ ಇರಲಿಲ್ಲ ಎಂದು ಅದು ತನ್ನ ಆದೇಶದಲ್ಲಿ ಬರೆಯಿತು.

ಮೊದಲನೆಯದರಲ್ಲಿ ನೋಡಿಯೂ ಕಾಣಲಿಲ್ಲ, ಎರಡನೆಯದರಲ್ಲಿ ನೋಡುವವರೇ ಇರಲಿಲ್ಲ. ನನ್ನ ಪ್ರವಾಸದ ಲೆಕ್ಕ ಮೂರನೆಯ ತರಹದ್ದು: ನೋಡುವವರಿದ್ದರು, 'ನೋಡಿದ್ದೇವೆ' ಎಂದೂ ಹೇಳಿದರು, ನೋಡಿರಲಿಲ್ಲ. ನನಗೆ ಮೂರರಲ್ಲಿ ಇದೇ ಹೆಚ್ಚು ಅಪಾಯ ಅನಿಸುತ್ತದೆ. ಮೊದಲನೆಯದರಲ್ಲಿ ಪ್ರಯತ್ನ ಇತ್ತು. ಎರಡನೆಯದರಲ್ಲಿ ಕೊರತೆ ಇದೆ ಎಂದು ಕಾಣುವಂತಿತ್ತು. ಮೂರನೆಯದರಲ್ಲಿ ಕೊರತೆ ಇಲ್ಲವೆಂದು ಎಲ್ಲರೂ ನಂಬುತ್ತಾರೆ. ಆ ನಂಬಿಕೆಯ ಭಾರ ಯಾರೋ ಒಬ್ಬ ತಪ್ಪಿಲ್ಲದವನ ಮೇಲೆ ಬೀಳುತ್ತದೆ.

7. ಬೇಡ ಎನ್ನುವುದು ಹೇಗೆ, ಕೇಳಿಸಿಕೊಳ್ಳುವುದು ಹೇಗೆ

ಗೆಳೆಯರು ಹೆಬ್ಬೆರಳು ಕಳಿಸಿದ್ದು ಸೋಮಾರಿತನದಿಂದ ಮಾತ್ರವಲ್ಲ. ತಪ್ಪು ತೋರಿಸಿದರೆ ನನಗೆ ಬೇಜಾರಾಗಬಹುದು ಎಂಬ ಸಂಕೋಚವೂ ಇತ್ತು ಎಂದು ಆಮೇಲೆ ಒಬ್ಬ ಹೇಳಿದ. ಹಾಗಾಗಿ ಈ ಭಾಗ ಮುಖ್ಯ.

ಪರಿಶೀಲಕರಿಗೆ: ಮಾತು ಬರಹದ ಮೇಲಿರಲಿ, ಬರೆದವನ ಮೇಲೆ ಬೇಡ. 'ನಿನಗೆ ಜಿಎಸ್‌ಟಿ ಗೊತ್ತಿಲ್ಲ' ಅನ್ನುವ ಬದಲು '1,180ರಲ್ಲಿ ತೆರಿಗೆ ಸೇರಿದೆ' ಅನ್ನಿ. ಕಾರಣ ಕೊಡದೆ −1 ಹಾಕಬೇಡಿ. ಏನು ಮಾಡಿದರೆ +1 ಆಗುತ್ತದೆ ಎಂದೂ ಹೇಳಿ. ಎಲ್ಲವನ್ನೂ ನೋಡಲು ಆಗದಿದ್ದರೆ 'ನಾನು ಈ ಭಾಗ ಮಾತ್ರ ನೋಡಿದ್ದೇನೆ' ಎಂದು ಬರೆದು 0 ಇಡಿ. ಅದರಲ್ಲಿ ಅವಮಾನವಿಲ್ಲ. −2 ಬಹಳ ಅಪರೂಪಕ್ಕೆ. ಹಾಕಿದರೆ ಅದನ್ನು ತೆಗೆಯುವ ಹೊಣೆಯೂ ನಿಮ್ಮದೇ. ಹಾಕಿ ರಜೆಗೆ ಹೋದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಬರೆದವರಿಗೆ: ಚಿಕ್ಕ ಚಿಕ್ಕ ಬದಲಾವಣೆ ಕಳಿಸಿ. 20 ಸಾಲು ಕೊಟ್ಟರೆ ಓದುತ್ತಾರೆ, 2,000 ಸಾಲು ಕೊಟ್ಟರೆ 'ಸರಿ ಇದೆ' ಅನ್ನುತ್ತಾರೆ. ಏನು ಬದಲಿಸಿದ್ದೀರಿ, ಯಾಕೆ ಎಂದು ಮೊದಲೇ ಬರೆಯಿರಿ. ಪ್ರತಿ ಟಿಪ್ಪಣಿಗೂ 'ತಿದ್ದಿದ್ದೇನೆ' ಎಂದೋ 'ಈ ಕಾರಣಕ್ಕೆ ಹಾಗೇ ಬಿಟ್ಟಿದ್ದೇನೆ' ಎಂದೋ ಉತ್ತರ ಕೊಡಿ. −1 ಬಂದರೆ ಒಂದು ಲೋಟ ನೀರು ಕುಡಿದು ಆಮೇಲೆ ಓದಿ. ಇದು ಭಾಯಿಜಾನ್ ಹೇಳಿದ್ದು. ಮೊದಲ ಕೆಲಸದಲ್ಲಿ ಮೊದಲ ವಾರವೇ ಅವರಿಗೆ ಬಂದ −1ಗಳನ್ನು ಎಣಿಸಿ ಮನೆಗೆ ವಾಪಸ್ ಬರುವ ಯೋಚನೆ ಮಾಡಿದ್ದರಂತೆ. ಈಗ ಬೇರೆಯವರಿಗೆ ಕಲಿಸುವುದು ಅವರ ಕೆಲಸದ ಒಂದು ಭಾಗ.

8. ನಾವು ಮಾಡಿದ್ದು

ಈ ವರ್ಷ ನಮ್ಮ ತರಗತಿಯ ಲೆಕ್ಕದ ಹಾಳೆಗೆ ಮೂರು ಕಲಮು ಸೇರಿಸಿದ್ದೇವೆ: 'ಬರೆದವರು', 'ನೋಡಿದವರು', 'ಏನು ನೋಡಿದರು'. ಮೂರನೆಯದರಲ್ಲಿ 'ಸರಿ ಇದೆ' ಎಂದು ಮಾತ್ರ ಬರೆಯುವಂತಿಲ್ಲ. 'ರಸೀದಿ 6, ಸಾಲು 6, ಮೊತ್ತ ಕ್ಯಾಲ್ಕುಲೇಟರ್‌ನಲ್ಲಿ ಕೂಡಿಸಿದೆ' ಎಂಬಂತೆ ಬರೆಯಬೇಕು. ತಿದ್ದಿದರೆ ಹಳೆಯ ಸಹಿ ರದ್ದು, ಮತ್ತೆ ನೋಡಬೇಕು. ನೋಡುವ ಕೆಲಸವನ್ನು, ಆ ಮೂರು ಸಾಲು ಹಿಡಿದ ಸಹಪಾಠಿಗೆ ನಾವೆಲ್ಲ ಕೇಳಿಕೊಂಡು ಒಪ್ಪಿಸಿದ್ದೇವೆ. ದುಡ್ಡು ಇಟ್ಟುಕೊಳ್ಳಲು ಹಳೆಯ ಗೆಳೆಯನನ್ನೇ ಕೇಳಿದೆವು. ಮೊದಲು ಬೇಡ ಅಂದ. ಮೂರನೆಯ ಕಲಮು ತೋರಿಸಿದ ಮೇಲೆ ಒಪ್ಪಿದ.

ಅಬ್ಬಾಗೆ ಈ ಎಲ್ಲ +1, +2 ಹೇಳಿದಾಗ ಅವರು ಪೂರ್ತಿ ಕೇಳಿ, ನಮ್ಮ ಮನೆಯ ಮಾತಿನಲ್ಲಿ ಒಂದೇ ವಾಕ್ಯ ಅಂದರು: "ದೇಖೇ ಬಗೈರ್ ದಸ್ತಖತ್ ನಕ್ಕೋ ಕರ್." ನೋಡದೆ ಸಹಿ ಮಾಡಬೇಡ. ನಾನು ಎರಡು ಸಂಜೆ ಕಲಿತದ್ದು ಅಷ್ಟೇ.

ಅಭ್ಯಾಸ ಪ್ರಶ್ನೆಗಳು

1. ಒಂದು ಬದಲಾವಣೆಗೆ ನಾಲ್ಕು +1 ಇವೆ, ವೆರಿಫೈಡ್ +1 ಇದೆ. ಸೇರಿಸಬಹುದೇ?
2. ಎರಡು +2, ಒಂದು −1, ವೆರಿಫೈಡ್ +1. ಸೇರಿಸಬಹುದೇ? ಸೇರಿಸಬೇಕೇ?
3. ಮೊದಲ ಪ್ಯಾಚ್ ಸೆಟ್‌ಗೆ ಒಂದು +2, ಒಂದು −2 ಇತ್ತು. ಬರೆದವರು ತಿದ್ದಿ ಎರಡನೆಯದನ್ನು ಕಳಿಸಿದರು. ಯಾವ ಮತ ಉಳಿಯುತ್ತದೆ?
4. ತೆರಿಗೆ ಶೇ. 5 ಸೇರಿರುವ ಬೆಲೆ 2,100 ರೂಪಾಯಿ. ತೆರಿಗೆ 105 ಎಂದು ಬರೆದ ಕೋಡ್‌ಗೆ ನೀವು ಯಾವ ಮತ ಹಾಕುತ್ತೀರಿ? ಟಿಪ್ಪಣಿ ಬರೆಯಿರಿ.
5. ಕಳೆದ ಒಂದು ತಿಂಗಳಲ್ಲಿ ನೀವು ಓದದೆ 'ಸರಿ' ಎಂದದ್ದು ಯಾವುದು?

ಉತ್ತರಗಳು

1. ಆಗದು, +2 ಇಲ್ಲ.
2. ಸಾಮಾನ್ಯ ಹೊಂದಾಣಿಕೆಯಲ್ಲಿ ಸೇರಿಸಬಹುದು. ಆದರೆ −1ರ ಕಾರಣಕ್ಕೆ ಉತ್ತರ ಕೊಟ್ಟ ಮೇಲೆಯೇ ಸೇರಿಸಬೇಕು.
3. −2 ಮಾತ್ರ.
4. −1. ಟಿಪ್ಪಣಿ: '2,100ರಲ್ಲಿ ತೆರಿಗೆ ಸೇರಿದೆ. 2,100 × 5 ÷ 105 = 100. ತೆರಿಗೆ 100, ಮೂಲ ಬೆಲೆ 2,000.'
5. ಇದರ ಉತ್ತರ ನಿಮ್ಮಲ್ಲೇ ಇದೆ. ನನ್ನದನ್ನು ನಾನು ಮೇಲೆ ಬರೆದಿದ್ದೇನೆ.

ಕೊನೆಯ ಮಾತು: ಈ ಲೇಖನವನ್ನು ಇಬ್ಬರು ಓದಿದ್ದಾರೆ. ಒಬ್ಬರು −1 ಕೊಟ್ಟರು, ನಾಲ್ಕನೆಯ ಪ್ರಶ್ನೆಗೆ ನಾನು ಮೊದಲು ಬರೆದಿದ್ದ ಉತ್ತರ ತಪ್ಪಾಗಿತ್ತು. ಈಗ ತಿದ್ದಿದ್ದೇನೆ. ನಿಮಗೂ ತಪ್ಪು ಕಂಡರೆ ದಯವಿಟ್ಟು ಹೇಳಿ.